ಮೂಕಜೀವದ ಒಪ್ಪಿಗೆ

ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸುವಾಗ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವವರು ನಾವು. ಪ್ರಾಣವನ್ನು ಪಣಕ್ಕಿಡುವುದು ಅದು. ‘ನೋವಾಗದಿರಲೆಂದೇ ಅರಿವಳಿಕೆ ಕೊಡಿಸಿದೆವು’ ಎಂದುಬಿಟ್ಟರೆ ನಮ್ಮ ಹೊಣೆ ತೀರಿತೆ?

ನಾನು ಹುಂಚದವನು. ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ನಮ್ಮೂರಿನಲ್ಲಿದೆ. ಅಹಿಂಸೆಯ ಮಾತು ನಮಗೆ ಹೊಸದಲ್ಲ. ಆದರೆ ಜೈನರ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮುಂದಿಡುತ್ತದೆಂಬುದನ್ನು ನಾವು ಮರೆಯುತ್ತೇವೆ. ಕ್ರೌರ್ಯವಿಲ್ಲದ ಮನಸ್ಸೂ ಅಲಕ್ಷ್ಯದಿಂದ ಕೊಲ್ಲಬಲ್ಲದು.

ಅರಿವಳಿಕೆಯ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಗ್ರೇಹೌಂಡಿನಂಥ ಬೇಟೆನಾಯಿಯ ಮೈಯಲ್ಲಿ ಕೊಬ್ಬು ಕಡಿಮೆ. ಅದರ ಯಕೃತ್ತು ಥಯೋಪೆಂಟೋನ್ ಮದ್ದನ್ನು ಅರಗಿಸುವುದೂ ನಿಧಾನ. ಬೇರೆ ನಾಯಿಗಳು ಎದ್ದು ಓಡಾಡುವ ಹೊತ್ತಿಗೂ ಅದು ಮಲಗಿಯೇ ಇರುತ್ತದೆ. ನಮ್ಮ ಮುಧೋಳ ನಾಯಿಯದೂ ಅಂಥದೇ ಮೈಕಟ್ಟು. ಚಪ್ಪಟೆ ಮೂಗಿನ ಪಗ್ ನಾಯಿಗಾದರೋ, ಮತ್ತು ಇಳಿಯುವ ಗಳಿಗೆಯಲ್ಲೇ ಉಸಿರು ಕಟ್ಟುವ ಭಯ. ಒಬ್ಬರಿಗೆ ಹಿತವಾದ ಅಳತೆ ಇನ್ನೊಬ್ಬರಿಗೆ ವಿಷವಾದೀತೆಂಬುದನ್ನು ಬಲ್ಲವರು ನಾವು. ನಾಯಿಗಳನ್ನು ಮಾತ್ರ ಎಲ್ಲವೂ ಒಂದೇ ಎಂದೆಣಿಸುತ್ತೇವೆ.

ಆದುದರಿಂದ ತೂಕ ನೋಡುವುದು, ತಳಿಯನ್ನು ತಿಳಿಸುವುದು, ರಕ್ತ ಪರೀಕ್ಷೆಗೆ ಒಪ್ಪುವುದು, ಅದು ತಲೆಯೆತ್ತುವ ತನಕ ಯಾರಾದರೂ ಬಳಿಯಲ್ಲಿರುವಂತೆ ನೋಡಿಕೊಳ್ಳುವುದು ಬರಿಯ ವೈದ್ಯಕ್ರಮವಲ್ಲ, ಧರ್ಮವೂ ಹೌದು. ಒಂದು ಜೀವದ ಎಚ್ಚರವನ್ನು ಕಳೆದ ಮೇಲೆ ಅದರ ಪಾಲಿನ ಎಚ್ಚರವನ್ನೂ ನಾವೇ ಹೊರಬೇಕು.