ಮುಯ್ಯಿ

ಮದುವೆಮನೆಯಲ್ಲಿ ಕೊಡುವ ಉಡುಗೊರೆಗೂ ಹಗೆ ತೀರಿಸಿಕೊಳ್ಳುವುದಕ್ಕೂ ಕನ್ನಡದಲ್ಲಿ ಒಂದೇ ಪದ: ಮುಯ್ಯಿ. ಸರದಿಯ ಮೇಲೆ ಒಬ್ಬರ ಗದ್ದೆಯಲ್ಲಿ ಇನ್ನೊಬ್ಬರು ದುಡಿದರೆ ಅದು ಮುಯ್ಯಾಳು. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಕೊಟ್ಟದ್ದು ತಿರುಗಿ ಹೋಗಬೇಕು. ಬಾಕಿ ಅಂದ್ರೆ ಬಾಕಿಯೇ.

ನ್ಯೂಜೆರ್ಸಿಗೆ ಹೋದ ನನ್ನ ತಂಗಿಯ ಮಗಳಿಗೆ ಮೊದಲ ವರ್ಷ ಅಲ್ಲಿನ ರೀತಿ ನೋಡಿ ನಗು. "ಮಾವ, ಇಲ್ಲಿ ಊಟಕ್ಕೆ ಕರೆದ್ರೆ ನಾನೇನು ತರಲಿ ಅಂತ ಕೇಳ್ಬೇಕು. ಮದುವೆ ಆಗುವವರು ತಮಗೆ ಬೇಕಾದ ಪಾತ್ರೆ ಪಗಡಿಯ ಪಟ್ಟಿಯನ್ನೇ ಅಂಗಡಿಯಲ್ಲಿ ಬರೆಸಿಡ್ತಾರೆ. ಉಡುಗೊರೆ ಬಂದ್ಮೇಲೆ ಥ್ಯಾಂಕ್ಸ್ ಕಾರ್ಡ್ ಕಳಿಸದಿದ್ರೆ ಬೇಜಾರು. ಹೋಟೆಲಲ್ಲಿ ಶೇಕಡಾ 15, 20 ಟಿಪ್ಸ್!"

ಟಿಪ್ಸಿನ ಕತೆ ಬೇರೆ. ಬಡಿಸುವವರಿಗೆ ಮಾಲೀಕ ಕೊಡಲೇಬೇಕಾದ ಕನಿಷ್ಠ ಕೂಲಿ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಕದಲಿಲ್ಲ. ಕೆಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆ, ಅದು ಸರಿ. ಉಳಿದ ಕಡೆ ಟಿಪ್ಸ್ ಅಂದರೆ ಗಿರಾಕಿಯ ಮರ್ಜಿಗೆ ಬಿಟ್ಟ ಸಂಬಳ. ಅದನ್ನು ಉಡುಗೊರೆಯ ಲೆಕ್ಕಕ್ಕೆ ಸೇರಿಸುವುದು ತಪ್ಪು.

ಆದರೆ ಆ ಕಾರ್ಡಿನ ಬಗ್ಗೆ ನನಗೆ ನಗು ಬರಲಿಲ್ಲ. ನಮ್ಮ ಸಂಪಾಜೆ ಕಡೆ ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸುತ್ತೇವೆ, ಏನು ತಂದಿರಿ ಅಂತ ಯಾರೂ ಕೇಳುವುದಿಲ್ಲ. ಹಾಗಂತ ಲೆಕ್ಕ ಇಲ್ವಾ? ಮದುವೆಮನೆಯಲ್ಲಿ ಪುಸ್ತಕ ಹಿಡಿದು ಕೂತವರನ್ನು ನೋಡಿದ್ದೀರಲ್ಲ, ಮಾರಾಯ್ರೇ. ಇಂಥವರು 501, ಅಂಥವರು 101. ನಾಳೆ ಅವರ ಮನೆಗೆ ಹೊರಡುವ ಮೊದಲು ಅದೇ ಪುಸ್ತಕ ತೆರೆಯುತ್ತದೆ. ಇದರಿಂದಲೇ ಎಷ್ಟೋ ಮನೆಗಳ ನಂಟು ಮೂರು ತಲೆಮಾರು ಉಳಿದಿದೆ ಅನ್ನೋದೂ ನಿಜ. ಬಾಕಿ ಇದ್ದರೆ ತಾನೇ ಹೋಗಿಬರುವುದು?

ತಿರುಗಿ ಕೊಡಲಾಗದವರು ಏನು ಮಾಡಬೇಕು?

2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದಾಗ ಉಟ್ಟ ಬಟ್ಟೆಯಲ್ಲಿ ಘಾಟಿ ಇಳಿದು ಬಂದವರಿಗೆ ಈ ಕಡೆಯ ಊರುಗಳಲ್ಲಿ ಪರಿಹಾರ ಕೇಂದ್ರ ತೆರೆದರು. ಅಕ್ಕಿ, ಕಂಬಳಿ, ಬಟ್ಟೆ ರಾಶಿ ರಾಶಿ ಬಂತು. ಕೇಂದ್ರದಲ್ಲಿ ಇಸಕೊಳ್ಳುವುದು ಅಷ್ಟು ಕಷ್ಟ ಇರಲಿಲ್ಲ, ಕೊಟ್ಟವರ ಮುಖ ಗೊತ್ತಿರಲಿಲ್ಲವಲ್ಲ. ಕಷ್ಟವಾದದ್ದು ನೆಂಟರ ಮನೆಯಲ್ಲಿ. ನಮ್ಮ ಪಕ್ಕದ ಮನೆಗೆ ಬಂದ ಹೆಂಗಸೊಬ್ಬರು ಮೂರನೇ ದಿನಕ್ಕೇ ಪೊರಕೆ ಹಿಡಿದರು. "ನೀವು ಸುಮ್ನೆ ಕೂತ್ಕೊಳ್ಳಿ ಅಕ್ಕ" ಅಂತ ಕಿತ್ತುಕೊಂಡರು. ಪಾತ್ರೆ ತೊಳೆಯಲು ಹೋದರೆ ಅಲ್ಲಿಂದಲೂ ಎಬ್ಬಿಸಿದರು. ಪ್ರೀತಿಯಿಂದಲೇ, ಅದರಲ್ಲಿ ಅನುಮಾನ ಬೇಡ. ಒಂದು ದಿನ ಪೇಟೆಯಿಂದ ಒಂದು ಕಿಲೋ ಸಕ್ಕರೆ ತಂದುಕೊಟ್ಟರೆ, "ಇದೆಲ್ಲ ಯಾಕೆ ತರ್ಲಿಕ್ಕೆ ಹೋದ್ರಿ?" ನಾವು ಎಲ್ಲರಿಗೂ ಹೇಳುವ ಮಾತೇ ಅದು. ಅವರ ಮುಖ ಸಣ್ಣಗಾಯಿತು.

ಅತಿಥಿ ದೇವೋ ಭವ ಎಂದು ತೈತ್ತಿರೀಯ ಉಪನಿಷತ್ತು ಹೇಳಿತು, ಸರಿ. ದೇವರಿಗಾದರೆ ಕೊಟ್ಟದ್ದನ್ನು ತೆಗೆದುಕೊಳ್ಳುವುದರಲ್ಲಿ ಸಂಕೋಚ ಇರಲಾರದು. ಮನುಷ್ಯರಿಗೆ ಇರುತ್ತದೆ. ಆ ಅಮೆರಿಕದ ಕಾರ್ಡು ಒಣ ಕಾಗದವೇ ಇರಬಹುದು, ಆದರೆ ಏನೂ ಇಲ್ಲದವರೂ ಅದನ್ನು ಬರೆಯಬಹುದು, ಪಡೆದವರು ಅದನ್ನು ಬೇಡ ಅನ್ನುವುದಿಲ್ಲ. ನಮ್ಮಲ್ಲಿ ಕೊಡುವ ಸುಖವನ್ನು ಇಡಿಯಾಗಿ ಮನೆಯವರೇ ಇಟ್ಟುಕೊಂಡುಬಿಡುತ್ತೇವೆ.

ಆ ಮನೆಯ ಅಜ್ಜಿಗೆ ಇದು ಹೇಗೆ ಹೊಳೆಯಿತೋ. ಎರಡನೇ ವಾರ ಚಾವಡಿಯಲ್ಲಿ ಅಡಿಕೆ ಗೋಣಿ ಬಿಚ್ಚಿ, "ಬಾ ಮಗಾ, ಒಬ್ಳಿಂದ ಸುಲಿದು ಮುಗೀಲಿಕ್ಕಿಲ್ಲ" ಅಂತ ಕರೆದರು. ಅವತ್ತು ರಾತ್ರಿ ಆಕೆ ಎರಡನೇ ಸಲ ಅನ್ನ ಹಾಕಿಸಿಕೊಂಡರಂತೆ.