ಧರ್ಮದ ಅರ್ಥವನ್ನು ಯಾರಲ್ಲಿ ಕೇಳಬೇಕು?

ಧರ್ಮ ಎಂದರೇನು ಎಂದು ಯಾರಾದರೂ ಕೇಳಿದರೆ ನಾವು ಥಟ್ಟನೆ ನಮ್ಮ ಧರ್ಮವನ್ನೇ ವಿವರಿಸತೊಡಗುತ್ತೇವೆ. ಏಕದೇವ, ದೇವಗ್ರಂಥ, ಪ್ರವಾದಿ, ಪರಲೋಕ - ಮುಸ್ಲಿಮರಾದ ನಮ್ಮ ಉತ್ತರ ಹೀಗೆ ಸಾಗುತ್ತದೆ. ಆದರೆ ಈ ಅಳತೆಗೋಲು ಹಿಡಿದು ಹೊರಟರೆ ನೆರೆಮನೆಯ ಜೈನರೇ ಧರ್ಮದ ಹೊರಗುಳಿಯುತ್ತಾರೆ. ಅವರಲ್ಲಿ ಸೃಷ್ಟಿಕರ್ತನಾದ ದೇವನಿಲ್ಲ. ಆದರೆ ವ್ರತವಿದೆ, ಉಪವಾಸವಿದೆ, ಅಹಿಂಸೆಯಿದೆ.

ಈ ತೊಡಕು ಸುಪ್ರೀಂ ಕೋರ್ಟಿಗೂ ಎದುರಾಗಿತ್ತು. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ 1954ರಲ್ಲಿ ತೀರ್ಪು ನೀಡುತ್ತಾ, ಸೃಷ್ಟಿಕರ್ತನೊಂದಿಗೆ ಮನುಷ್ಯನಿಗಿರುವ ಸಂಬಂಧವೇ ಧರ್ಮ ಎಂಬ ಅಮೆರಿಕದ ವ್ಯಾಖ್ಯಾನ ಭಾರತಕ್ಕೆ ಸಾಲದು ಎಂದು ಅದು ಹೇಳಿತು. ಬೌದ್ಧ, ಜೈನ ಧರ್ಮಗಳನ್ನು ಉದಾಹರಿಸಿತು. ಧರ್ಮವೆಂದರೆ ನಂಬಿಕೆ ಮಾತ್ರವಲ್ಲ, ಆಚರಣೆಯೂ ಹೌದು. ಅದು ಆಹಾರ, ಉಡುಪಿನವರೆಗೂ ವ್ಯಾಪಿಸಬಹುದು. ಅದರಲ್ಲಿ ಯಾವುದು ಮುಖ್ಯವೆಂಬುದನ್ನು ಪ್ರಧಾನವಾಗಿ ಆ ಧರ್ಮದ ಬೋಧನೆಗಳಿಂದಲೇ ತಿಳಿಯಬೇಕು ಎಂದಿತು.

ಅದೇ ಉಡುಪಿಯ ವಿದ್ಯಾರ್ಥಿನಿಯರು ಹಿಜಾಬ್‌ಗಾಗಿ ಹೈಕೋರ್ಟಿನ ಮೆಟ್ಟಿಲೇರಿದಾಗ, ಅದು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು 2022ರ ಮಾರ್ಚ್‌ನಲ್ಲಿ ತೀರ್ಪು ಬಂತು. ಆ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನಮಗೆ ಯಾವುದು ಮುಖ್ಯವೆಂದು ಬೇರೆಯವರು ನಿರ್ಧರಿಸುವುದೇ ಎಂದು ಆಗ ನಾವು ಕೇಳಿದೆವು. ಆ ನೋವು ನಿಜ. ಆದರೆ ತುಳುನಾಡಿನ ಭೂತಾರಾಧನೆಯನ್ನು ‘ಮೂಢನಂಬಿಕೆ’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವಾಗ ನಾವು ಮಾಡುವುದೂ ಅದನ್ನೇ ಅಲ್ಲವೇ?

ಹಾಗಾದರೆ ಧರ್ಮದ ಹೆಸರಿನಲ್ಲಿ ನಡೆಯುವುದನ್ನೆಲ್ಲ ಸಹಿಸಬೇಕೇ? ಖಂಡಿತ ಇಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ಅದು ಧರ್ಮವೋ ಅಲ್ಲವೋ ಎಂಬ ಚರ್ಚೆಗೆ ಅಲ್ಲಿ ಎಡೆಯೇ ಇಲ್ಲ. ಅನ್ಯಾಯವನ್ನು ಅನ್ಯಾಯವೆಂದೇ ಎದುರಿಸಬೇಕು. ಅದಕ್ಕಾಗಿ ಇನ್ನೊಬ್ಬರ ಧರ್ಮವನ್ನು ಧರ್ಮವೇ ಅಲ್ಲ ಎನ್ನಬೇಕಾಗಿಲ್ಲ.

ಸುಮಾರು ಸಾವಿರ ವರ್ಷಗಳ ಹಿಂದೆ ಅಲ್‌ಬಿರೂನಿ ಸಂಸ್ಕೃತ ಕಲಿತು ಭಾರತದ ಕುರಿತು ಅರಬಿಯಲ್ಲಿ ಗ್ರಂಥ ಬರೆದರು. ಹಿಂದೂಗಳ ನಂಬಿಕೆಗಳನ್ನು ಖಂಡಿಸುವುದು ಅವರ ಉದ್ದೇಶವಾಗಿರಲಿಲ್ಲ. ಹಿಂದೂಗಳು ಹೇಳುವಂತೆಯೇ ಅವನ್ನು ಓದುಗರ ಮುಂದಿಡುವುದಾಗಿತ್ತು. ಇದಕ್ಕಾಗಿ ಅವರು ತಮ್ಮ ಇಸ್ಲಾಮನ್ನು ಬಿಟ್ಟುಕೊಡಬೇಕಾಗಲಿಲ್ಲ. ಕುರ್‌ಆನಿನ ‘ಅಲ್ ಕಾಫಿರೂನ್’ ಅಧ್ಯಾಯವೂ ಪ್ರವಾದಿಯವರ ಮಾರ್ಗಕ್ಕೂ ಅವರನ್ನು ಒಪ್ಪದವರ ಮಾರ್ಗಕ್ಕೂ ‘ದೀನ್’ ಎಂಬ ಒಂದೇ ಪದವನ್ನು ಬಳಸಿದೆ.

ಒಪ್ಪುವುದು ಬೇರೆ, ಅರಿಯುವುದು ಬೇರೆ. ಎಲ್ಲರಿಗೂ ಹೊಂದುವ ವ್ಯಾಖ್ಯಾನ ನಮಗೆ ಸಿಗಲಿಕ್ಕಿಲ್ಲ. ಆದರೆ ನೆರೆಯವರ ಧರ್ಮ ಏನೆಂದು ನೆರೆಯವರನ್ನೇ ಕೇಳಬಹುದಲ್ಲವೇ? ನಮ್ಮನ್ನು ಕೇಳಿ ಎಂದು ನ್ಯಾಯಾಲಯದ ಮುಂದೆ ನಿಂತ ನಾವು, ಮೊದಲು ಕೇಳಿಸಿಕೊಳ್ಳಲು ಕಲಿಯಬೇಕಾಗಿದೆ.