ಹರಕೆ ಮತ್ತು ಮೀನಖಂಡ

ಯುಗಾದಿ ಹತ್ತಿರ ಬಂದಂತೆ ಮಲ್ಲಯ್ಯನ ಕಂಬಿಗಳು ಪಾದಯಾತ್ರಿಗಳ ಹೆಗಲೇರಿ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲದ ಹಾದಿ ಹಿಡಿಯುತ್ತವೆ. ಹುಬ್ಬಳ್ಳಿಯ ದೇಶಪಾಂಡೆ ನಗರದಂಥ ಬಡಾವಣೆಗಳಲ್ಲಿ ವರ್ಷವಿಡೀ ಕುರ್ಚಿಗೆ ಒಗ್ಗಿದ ಕಾಲುಗಳಿಗೂ ಆ ಹಾದಿಯ ಆಸೆ ಹುಟ್ಟುವುದುಂಟು. ಮೊದಲ ದಿನಗಳು ಭಜನೆಯ ಹುರುಪಿನಲ್ಲೇ ಕಳೆಯುತ್ತವೆ. ಆಮೇಲೊಂದು ರಾತ್ರಿ ಮೀನಖಂಡ ಚರ್ಮದಡಿ ಗುಂಡುಕಲ್ಲಿನಂತೆ ಬಿಗಿದು, ಪಾದ ತಾನಾಗಿ ಕೆಳಕ್ಕೆ ಸೆಟೆದು, ನಿದ್ದೆಯಲ್ಲಿದ್ದವನು ಚೀರಿ ಏಳುತ್ತಾನೆ. ‘ಮಲ್ಲಯ್ಯ ಪರೀಕ್ಷೆ ಮಾಡಾಕ್ಹತ್ಯಾನ’ ಎಂದು ಸಮಾಧಾನ ಹೇಳುವವರಿದ್ದಾರೆ. ಹರಕೆಯಲ್ಲಿ ಏನೋ ಲೋಪವಾಗಿದೆ ಎನ್ನುವವರೂ ಇದ್ದಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಈ ಲೆಕ್ಕವನ್ನು ದೇವರ ಖಾತೆಗೆ ಬರೆಯುವ ಮೊದಲು ಕಾಲನ್ನೇ ಕೇಳಬೇಕು.

ಬೆವರಿನಲ್ಲಿ ಉಪ್ಪು ಹೋಗಿದ್ದೇ ಈ ಸೆಳೆತಕ್ಕೆ ಕಾರಣ ಎಂಬ ಮಾತು ಎಲ್ಲರ ಬಾಯಲ್ಲಿದೆ. ಈಜು, ಸೈಕಲ್, ಓಟ ಮೂರೂ ಇರುವ ಐರನ್‌ಮ್ಯಾನ್ ಸ್ಪರ್ಧೆಯ 210 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಅಲುಗಾಡಿಸಿತು. ಸೆಳೆತ ಬರುವುದೋ ಇಲ್ಲವೋ ಎಂಬುದನ್ನು ಮೈಯ ನೀರಾಗಲಿ ರಕ್ತದ ಸೋಡಿಯಂ ಆಗಲಿ ಹೇಳಲಿಲ್ಲ. ಹೇಳಿದ್ದು ಓಟದ ವೇಗ ಮತ್ತು ಹಿಂದೆ ಸೆಳೆತ ಬಂದ ಚರಿತ್ರೆ. ದಣಿದ ಸ್ನಾಯುವಿಗೆ ‘ಬಿಗಿ’ ಎನ್ನುವ ನರಸಂದೇಶ ಹೆಚ್ಚಿ, ‘ಬಿಡು’ ಎನ್ನುವುದು ಕುಗ್ಗುತ್ತದೆ ಎಂಬುದು ಈಗ ಬಲವಾಗಿರುವ ವಿವರಣೆ. ಹಾಗೆಂದು ನೀರು ಬಿಡುವಂತಿಲ್ಲ, ಮಾರ್ಚ್ ಬಿಸಿಲಿಗೆ ಅದು ಬೇಕೇ ಬೇಕು. ವಯಸ್ಸು, ಗರ್ಭ, ಮೂತ್ರ ಹೆಚ್ಚಿಸುವ ಮಾತ್ರೆ ಇವೂ ಸೆಳೆತ ತರುತ್ತವೆ. ಪಾದಯಾತ್ರಿಯ ಮಟ್ಟಿಗೆ ಮಾತ್ರ ಮುಖ್ಯ ಪ್ರಶ್ನೆ ಒಂದೇ: ರೂಢಿಯಿಲ್ಲದ ಕಾಲಿನಿಂದ ಎಷ್ಟು ನಡಿಗೆ ಕೇಳಿದೆವು?

ಕಷ್ಟವಿಲ್ಲದೆ ತಪಸ್ಸೆಲ್ಲಿ ಎಂಬ ಆಕ್ಷೇಪಣೆ ಹಗುರವಾದದ್ದಲ್ಲ. ನಲ್ಲಮಲ ಕಾಡು, ಭೀಮನ ಕೊಳ್ಳದ ಏರು ಎಷ್ಟು ತಯಾರಿ ಮಾಡಿಕೊಂಡವರನ್ನೂ ಬಳಲಿಸುತ್ತವೆ. ಆ ಬಳಲಿಕೆ ಹರಕೆಯದು. ಎರಡು ತಿಂಗಳು ಮೊದಲೇ ದಿನದ ನಡಿಗೆಯನ್ನು ಇಷ್ಟಿಷ್ಟೇ ಬೆಳೆಸದೆ, ಮಲಗುವ ಮುನ್ನ ಗೋಡೆಗೆ ಕೈಯೂರಿ ಹಿಮ್ಮಡಿ ಒತ್ತಿ ಮೀನಖಂಡ ಚಾಚದೆ ತಂದುಕೊಂಡ ನೋವು ಉದಾಸೀನದ್ದು. ಕಾಲನ್ನು ದೇಗುಲದ ಕಂಬವೆಂದು ಕಂಡ ಬಸವಣ್ಣನ ನಾಡಿನಲ್ಲಿ ಆ ಕಂಬದ ಆರೈಕೆಯನ್ನು ಸುಖಲೋಲುಪತೆ ಎನ್ನುವುದು ವಿಚಿತ್ರ. ಅದೇ ಬಸವಣ್ಣ ಸ್ಥಾವರಕ್ಕಿಂತ ಜಂಗಮವನ್ನು ಮೇಲಿಟ್ಟವನು. ಸೆಳೆತವಾದರೋ ಜಂಗಮವನ್ನು ಅರೆಗಳಿಗೆ ಸ್ಥಾವರ ಮಾಡಿಬಿಡುತ್ತದೆ. ಆಗ ಮೊಣಕಾಲು ನೇರ ಇಟ್ಟು ಪಾದದ ಮುಂಭಾಗವನ್ನು ಮೈಯತ್ತ ಎಳೆದು ಹಿಡಿಯಬೇಕು. ಹೆಚ್ಚಾಗಿ ನಿಮಿಷದೊಳಗೆ ಗಂಟು ಸಡಿಲುತ್ತದೆ. ಒಂದೇ ಕಾಲು ಊದಿ, ಕೆಂಪೇರಿ, ಬಿಸಿಯಾಗಿ, ನೋವು ಬಿಡದಿದ್ದರೆ ಅದು ಸೆಳೆತವಲ್ಲ, ರಕ್ತ ಹೆಪ್ಪುಗಟ್ಟಿರಬಹುದು. ಅಂಥವನು ಕಂಬಿಯನ್ನು ಪಕ್ಕದವನ ಹೆಗಲಿಗೆ ದಾಟಿಸಿ ಆಸ್ಪತ್ರೆಗೆ ಹೋಗಲಿ.